ಮಧುಮೇಹದ ಗುಳಿಗೆಯೂ ಕ್ಯಾನ್ಸರಿನ ಭಯವೂ

“ಸಕ್ಕರೆ ರೋಗದ ಗುಳಿಗೆಯಿಂದ ಕ್ಯಾನ್ಸರ್ ಬರುತ್ತದಂತೆ, ಹೌದೇ?” ಎಂಬ ಪ್ರಶ್ನೆ ಬೀಳಗಿಯಂತಹ ಊರಿನಲ್ಲಿ ಭೌತಶಾಸ್ತ್ರದ ಉಪಾಧ್ಯಾಯರಾದ ನಮ್ಮನ್ನೂ ಬಿಡುವುದಿಲ್ಲ. ವಿಜ್ಞಾನ ಕಲಿಸುವವನಿಗೆ ಎಲ್ಲ ವಿಜ್ಞಾನವೂ ಗೊತ್ತಿರಬೇಕೆಂಬುದು ಜನರ ಎಣಿಕೆ. ಪ್ರಶ್ನೆ ಬರಿಯ ಕುತೂಹಲದ್ದೂ ಅಲ್ಲ. ಕೇಳುವ ಹುಡುಗನ ಮನೆಯಲ್ಲಿ ಅಜ್ಜನೋ ಅವ್ವನೋ ಅಂಥ ಗುಳಿಗೆಯನ್ನು ನುಂಗುತ್ತಿರುತ್ತಾರೆ. ವದಂತಿ ಕಿವಿಗೆ ಬಿದ್ದ ದಿನವೇ ಅದನ್ನು ನಿಲ್ಲಿಸಿಬಿಡುವವರು ಉಂಟು. ನಿಲ್ಲಿಸಿದರೆ ರಕ್ತದಲ್ಲಿ ಸಕ್ಕರೆ ಏರುವುದು ಮಾತ್ರ ವದಂತಿಯಲ್ಲ.

ಈ ಭಯಕ್ಕೆ ಒಂದು ಬೇರು ಇದೆ. 2013ರ ಜೂನ್ 18ರಂದು ಭಾರತ ಸರಕಾರವು ಪಯೋಗ್ಲಿಟಾಜೋನ್ ಎಂಬ ಔಷಧಿಯ ತಯಾರಿಕೆ ಮತ್ತು ಮಾರಾಟವನ್ನು ತಡೆಹಿಡಿಯಿತು. ಅದರಿಂದ ಮೂತ್ರಕೋಶದ ಕ್ಯಾನ್ಸರ್ ಬರಬಹುದೆಂಬ ಶಂಕೆ ಇದಕ್ಕೆ ಮುಖ್ಯ ಕಾರಣವಾಗಿತ್ತು. ಆದರೆ ಅದೇ ವರ್ಷ ಜುಲೈ 31ರಂದು ಆಜ್ಞೆಯನ್ನು ಹಿಂತೆಗೆದುಕೊಂಡು, ಎಚ್ಚರಿಕೆಯನ್ನು ಮುದ್ರಿಸಿ ಮಾರಬಹುದೆಂದಿತು. ಆರು ವಾರಗಳಲ್ಲಿ ವಿಷವು ಔಷಧವಾಯಿತೇ ಎಂದು ಯಾರಾದರೂ ಬೆರಗಾಗುವುದು ಸಹಜ.

ಮೊದಲಿಗೆ, ಮಧುಮೇಹದ ಗುಳಿಗೆ ಎಂಬುದು ಒಂದೇ ಪದಾರ್ಥವಲ್ಲ. ಗ್ಲಿಮಿಪಿರೈಡ್ ಮೇದೋಜೀರಕಾಂಗದಿಂದ ಇನ್ಸುಲಿನ್ ಹೊರಡಿಸುತ್ತದೆ; ಮೆಟ್‌ಫಾರ್ಮಿನ್ ಯಕೃತ್ತು ಸಕ್ಕರೆಯನ್ನು ತಯಾರಿಸುವುದನ್ನು ತಗ್ಗಿಸುತ್ತದೆ; ಪಯೋಗ್ಲಿಟಾಜೋನ್ ದೇಹದ ಕೊಬ್ಬೂ ಸ್ನಾಯುಗಳೂ ಇನ್ಸುಲಿನ್ನಿಗೆ ಓಗೊಡುವಂತೆ ಮಾಡುತ್ತದೆ. ಒಂದರ ಮೇಲಿನ ಆರೋಪವನ್ನು ಎಲ್ಲದರ ತಲೆಗೂ ಕಟ್ಟುವುದು ನ್ಯಾಯವಲ್ಲ.

ಪಯೋಗ್ಲಿಟಾಜೋನ್ ಕೊಟ್ಟ ಗಂಡು ಇಲಿಗಳ ಮೂತ್ರಕೋಶದಲ್ಲಿ ಗಂತಿಗಳು ಕಂಡುಬಂದಿದ್ದವು. ಇಲಿಗೆ ಆದುದು ಮನುಷ್ಯನಿಗೂ ಆಗಬೇಕೆಂದಿಲ್ಲವಷ್ಟೆ. ಆದ್ದರಿಂದ ಫ್ರಾನ್ಸಿನಲ್ಲಿ 2006ರಿಂದ 2009ರವರೆಗಿನ ದಾಖಲೆಗಳನ್ನು ತೆಗೆದು ಸುಮಾರು 15 ಲಕ್ಷ ಮಧುಮೇಹಿಗಳನ್ನು ಪರಿಶೀಲಿಸಿದರು. ಈ ಗುಳಿಗೆ ತೆಗೆದುಕೊಂಡವರಲ್ಲಿ ಲಕ್ಷಕ್ಕೆ ವರ್ಷದಲ್ಲಿ 49 ಮಂದಿಗೆ, ತೆಗೆದುಕೊಳ್ಳದವರಲ್ಲಿ 43 ಮಂದಿಗೆ ಮೂತ್ರಕೋಶದ ಕ್ಯಾನ್ಸರ್ ಬಂದಿತ್ತು. ವಯಸ್ಸು ಮೊದಲಾದ ವ್ಯತ್ಯಾಸಗಳನ್ನು ಸರಿದೂಗಿಸಿದಾಗ ಅಪಾಯ ಶೇಕಡ 22ರಷ್ಟು ಹೆಚ್ಚೆಂದು ಲೆಕ್ಕವಾಯಿತು. 2011ರಲ್ಲಿ ಫ್ರಾನ್ಸ್ ಔಷಧಿಯನ್ನು ನಿಲ್ಲಿಸಿತು.

ಈ ‘ಶೇಕಡ 22’ರ ಬಳಿ ವಿದ್ಯಾರ್ಥಿಗಳು ಸ್ವಲ್ಪ ನಿಲ್ಲಬೇಕು. ನೂರು ಮಂದಿಯಲ್ಲಿ 22 ಮಂದಿಗೆ ಕ್ಯಾನ್ಸರ್ ಎಂದು ಇದರ ಅರ್ಥವಲ್ಲ. 43ರ ಶೇಕಡ 22 ಎಂದರೆ ಸುಮಾರು 9. ಲಕ್ಷ ಜನರಲ್ಲಿ ವರ್ಷಕ್ಕೆ ಒಂಬತ್ತು ಮಂದಿ ಹೆಚ್ಚು. ಅದೂ ಫ್ರಾನ್ಸಿನ ಲೆಕ್ಕ. ನಮ್ಮ ದೇಶದಲ್ಲಿ ಈ ಕ್ಯಾನ್ಸರ್ ಯೂರೋಪಿಗಿಂತ ವಿರಳ. ಹಾಗೆಂದು ತಳ್ಳಿಹಾಕುವಂತೆಯೂ ಇಲ್ಲ. 2023ರಲ್ಲಿ ಪ್ರಕಟವಾದ ಸಮೀಕ್ಷೆಯಂತೆ ಭಾರತದ ಮಧುಮೇಹಿಗಳು 10 ಕೋಟಿಯನ್ನು ಮೀರಿದ್ದಾರೆ. ಗುಳಿಗೆ ನುಂಗುವವರು ಬಹಳವಾದರೆ ಸಣ್ಣ ಅಪಾಯವೂ ದೊಡ್ಡ ಸಂಖ್ಯೆಯಾಗುತ್ತದೆ. ಇನ್ನೊಂದು ಸಂಗತಿ: ಒಟ್ಟು 28,000 ಮಿಲಿಗ್ರಾಮಿಗಿಂತ ಹೆಚ್ಚು ಸೇವಿಸಿದವರಲ್ಲಿ ಅಪಾಯ ಶೇಕಡ 75ರಷ್ಟು ಹೆಚ್ಚಿತ್ತು. ದಿನಕ್ಕೆ 15 ಮಿಲಿಗ್ರಾಮಿನಂತೆ ಅಷ್ಟು ಸೇರಲು ಐದು ವರ್ಷಕ್ಕೂ ಮಿಕ್ಕಿ ಬೇಕು. ಪ್ರಮಾಣ ಏರಿದಂತೆ ಪರಿಣಾಮವೂ ಏರಿದರೆ ಶಂಕೆ ಬಲಗೊಳ್ಳುತ್ತದೆ.

ಆದರೆ ಅಮೆರಿಕದಲ್ಲಿ 1,93,099 ಮಧುಮೇಹಿಗಳನ್ನು ವರ್ಷಗಟ್ಟಲೆ ಅನುಸರಿಸಿ 2015ರಲ್ಲಿ ಪ್ರಕಟಿಸಿದ ಪರಿಶೀಲನೆಯಲ್ಲಿ ಮೂತ್ರಕೋಶದ ಕ್ಯಾನ್ಸರಿನ ಹೆಚ್ಚಳ ಶೇಕಡ 6 ಮಾತ್ರ; ಅದು ಆಕಸ್ಮಿಕವಾಗಿಯೂ ಬರಬಹುದಾದಷ್ಟು ಅಲ್ಪ. ಅದೇ ಸಂಶೋಧಕರಿಗೆ ಮೇದೋಜೀರಕಾಂಗದ ಕ್ಯಾನ್ಸರ್ ಈ ಗುಳಿಗೆಯವರಲ್ಲಿ ಹೆಚ್ಚಾಗಿ ಕಂಡಿತು. ಇಲ್ಲೊಂದು ಗೂಢವಿದೆ. ಆ ಅಂಗದಲ್ಲಿ ಕ್ಯಾನ್ಸರ್ ಗುಟ್ಟಾಗಿ ಬೆಳೆಯುತ್ತಿರುವಾಗಲೇ ರಕ್ತದ ಸಕ್ಕರೆ ಏರುವುದುಂಟು. ಸಕ್ಕರೆ ಏರಿತೆಂದು ವೈದ್ಯರು ಹೊಸ ಗುಳಿಗೆ ಕೊಡುತ್ತಾರೆ, ಕೆಲ ತಿಂಗಳ ಮೇಲೆ ಕ್ಯಾನ್ಸರ್ ಹೊರಬೀಳುತ್ತದೆ, ಅಪವಾದ ಗುಳಿಗೆಗೆ! ಕಾರ್ಯವೇ ಕಾರಣದ ವೇಷ ಹಾಕಿಕೊಂಡು ಬರುವುದೆಂದರೆ ಇದೇ. ಇದಲ್ಲದೆ ಮಧುಮೇಹ ತಾನೇ ಯಕೃತ್ತು, ಮೇದೋಜೀರಕಾಂಗ, ಗರ್ಭಕೋಶದ ಒಳಪದರಗಳ ಕ್ಯಾನ್ಸರನ್ನು ಸುಮಾರು ಇಮ್ಮಡಿಸುತ್ತದೆ. ಆದಕಾರಣ ಗುಳಿಗೆ ನುಂಗುವ ಮಧುಮೇಹಿಯನ್ನು ಆರೋಗ್ಯವಂತನೊಡನೆ ಹೋಲಿಸಿದರೆ ಏನೂ ತಿಳಿಯದು. ಮಧುಮೇಹಿಯನ್ನು ಮಧುಮೇಹಿಯೊಡನೆಯೇ ಹೋಲಿಸಬೇಕು.

ಹೊಗಳಿಕೆಯಲ್ಲಿಯೂ ಇಂಥ ಭ್ರಾಂತಿ ಉಂಟು. ಮೆಟ್‌ಫಾರ್ಮಿನ್ ಸೇವಿಸುವವರಲ್ಲಿ ಕ್ಯಾನ್ಸರ್ ಕಡಿಮೆಯೆಂದು 2005ರಲ್ಲಿ ಸ್ಕಾಟ್ಲೆಂಡಿನಿಂದ ವರದಿ ಬಂದಿತು. ಆಮೇಲೆ ಅನೇಕರು ಅದನ್ನೇ ಹೇಳಿದರು. ಅವುಗಳಲ್ಲಿ ಹಲವು ಪರಿಶೀಲನೆಗಳು ಕಾಲದ ಲೆಕ್ಕದಲ್ಲಿ ಎಡವಿವೆಯೆಂದು 2012ರಲ್ಲಿ ಕೆನಡಾದ ಸುಯಿಸ್ಸಾ ಮತ್ತು ಅಜೂಲೇ ತೋರಿಸಿದರು. ಊರುಗೋಲು ಹಿಡಿದವರೆಲ್ಲ ದೀರ್ಘಾಯುಗಳೆಂದು ಕಂಡು, ಊರುಗೋಲೇ ಆಯುಸ್ಸನ್ನು ಬೆಳೆಸುತ್ತದೆಂದರೆ ಹೇಗೋ ಹಾಗೆ: ಅದನ್ನು ಹಿಡಿಯಬೇಕಾದರೆ ಮೊದಲು ಮುಪ್ಪಿನವರೆಗೆ ಬದುಕಿರಬೇಕು. ಗುಳಿಗೆ ಆರಂಭವಾಗುವವರೆಗೆ ಕ್ಯಾನ್ಸರಿಲ್ಲದೆ ಕಳೆದ ಕಾಲವನ್ನೂ ಗುಳಿಗೆಯ ಪುಣ್ಯಕ್ಕೆ ಬರೆದುಕೊಂಡಿದ್ದರು. ಇದಕ್ಕೆ ಮದ್ದೆಂದರೆ ಚೀಟಿ ಎತ್ತಿದಂತೆ ರೋಗಿಗಳನ್ನು ಎರಡು ಪಂಗಡ ಮಾಡುವುದು. ಸ್ತನ ಕ್ಯಾನ್ಸರಿನ 3,649 ಮಂದಿಯನ್ನು ಹೀಗೆ ವಿಂಗಡಿಸಿ, ಅರ್ಧ ಮಂದಿಗೆ ಮೆಟ್‌ಫಾರ್ಮಿನ್, ಉಳಿದವರಿಗೆ ಔಷಧವಿಲ್ಲದ ಅಂಥದೇ ಗುಳಿಗೆ ಕೊಟ್ಟು ನೋಡಿದರು. ಕ್ಯಾನ್ಸರ್ ಮರುಕಳಿಸುವುದನ್ನು ಅದು ತಡೆಯಲಿಲ್ಲವೆಂದು 2022ರಲ್ಲಿ ಪ್ರಕಟವಾಯಿತು. ಸಕ್ಕರೆಯನ್ನು ತಗ್ಗಿಸುವ ಅದರ ಗುಣಕ್ಕೆ ಇದರಿಂದ ಕುಂದಿಲ್ಲ.

ಪಯೋಗ್ಲಿಟಾಜೋನಿಗೆ 2013ರಲ್ಲಿ ವಿಧಿಸಿದ ಎಚ್ಚರಿಕೆಯಲ್ಲಿ, ಮೊದಲ ಔಷಧಿಯಾಗಿ ಅದನ್ನು ಕೊಡಬಾರದೆಂದೂ, ಮೂತ್ರಕೋಶದ ಕ್ಯಾನ್ಸರ್ ಇರುವವರಿಗೆ, ಹಿಂದೆ ಇದ್ದವರಿಗೆ, ಕಾರಣ ತಿಳಿಯದೆ ಮೂತ್ರದಲ್ಲಿ ರಕ್ತ ಹೋಗುವವರಿಗೆ ಸಲ್ಲದೆಂದೂ ಹೇಳಿದೆ. ಗುಳಿಗೆಯ ಪಟ್ಟಿಯ ಮೇಲಿನ ಹೆಸರನ್ನು ಓದಿ, ಅಜ್ಜನಿಗೆ ಇವುಗಳಲ್ಲಿ ಯಾವುದಾದರೂ ಉಂಟೇ ಎಂದು ವಿಚಾರಿಸಿ ವೈದ್ಯರಿಗೆ ತಿಳಿಸುವುದು ಕಾಲೇಜು ಹುಡುಗನಿಗೆ ಕಷ್ಟವಲ್ಲ. ಗುಳಿಗೆ ಬದಲಿಸುವುದು ವೈದ್ಯರ ಕೆಲಸ. ಅಜ್ಜ ಬೀಡಿ ಸೇದುವವನಾದರೆ ಅದನ್ನೂ ಹೇಳಬೇಕು. ಈ ಕ್ಯಾನ್ಸರಿನ ಅಪಾಯವನ್ನು ಧೂಮಪಾನವು ಎರಡು ಪಟ್ಟಿಗಿಂತ ಹೆಚ್ಚಿಸುತ್ತದೆ.