ಗಾಬರಿಗೂ ಕುಡಿತಕ್ಕೂ ಒಟ್ಟಿಗೇ ಚಿಕಿತ್ಸೆ

ಮುಂಬಯಿ: ರಾತ್ರಿ ಹೊಟೇಲಿನ ಶಟರ್ ಎಳೆದ ಮೇಲೆ ಒಂದು ಕ್ವಾರ್ಟರ್ ಇಳಿಯದೆ ನಿದ್ದೆ ಬಾರದು ಎನ್ನುವವರು ತುಳು-ಕನ್ನಡಿಗರಲ್ಲೂ ಇದ್ದಾರೆ. ಇವರೆಲ್ಲ ಮೋಜಿಗೆ ಕುಡಿಯುವವರಲ್ಲ. ಸಾಲದ ಚಿಂತೆ, ನಾಲ್ಕು ಜನರೆದುರು ಮಾತಾಡಲು ಅಂಜಿಕೆ, ಕಾರಣವಿಲ್ಲದೆ ಎದೆ ಡವಗುಟ್ಟುವುದು ಇವುಗಳಿಂದ ತಪ್ಪಿಸಿಕೊಳ್ಳಲು ಗ್ಲಾಸು ಹಿಡಿದವರೂ ಇದ್ದಾರೆ. ಮನೆಯವರ ಕಣ್ಣಿಗೆ ಬೀಳುವುದು ಬಾಟಲಿ ಮಾತ್ರ.

ಮದ್ಯ ಗಾಬರಿಯನ್ನು ಸ್ವಲ್ಪ ಹೊತ್ತು ಅಡಗಿಸುವುದು ನಿಜ. ಆದರೆ ಅಮಲಿಳಿದಾಗ ಅದು ಇಮ್ಮಡಿಯಾಗಿ ಮರಳುತ್ತದೆ. ಬೆಳಿಗ್ಗೆ ಕೈನಡುಕ, ಬೆವರು, ಏನೋ ಕೆಡುಕಾದೀತೆಂಬ ಭಯ. ಅದಕ್ಕೆ ಮತ್ತೊಂದು ಗುಟುಕು.

ಈ ಕೊಂಡಿಯನ್ನೇ ಕಳಚುವುದು ಸಿಬಿಟಿ ಎಂದು ಕರೆಯಲಾಗುವ ವರ್ತನಾ ಚಿಕಿತ್ಸೆಯ ಉದ್ದೇಶ. ಕುಡಿಯಬೇಕೆನಿಸಿದ್ದು ಯಾವಾಗ, ಅದಕ್ಕೆ ಮುಂಚೆ ಮನಸ್ಸಿಗೆ ಬಂದದ್ದೇನು ಎಂದು ರೋಗಿ ಬರೆದಿಡುತ್ತಾನೆ. ಆ ಯೋಚನೆ ಎಷ್ಟು ನಿಜವೆಂದು ಚಿಕಿತ್ಸಕರೊಂದಿಗೆ ಕುಳಿತು ಪರೀಕ್ಷಿಸುತ್ತಾನೆ. ಬಳಿಕ ಅಂಜುವ ಸಂದರ್ಭಗಳನ್ನು ಕುಡಿಯದೆಯೇ ಹಂತಹಂತವಾಗಿ ಎದುರಿಸುತ್ತಾನೆ. ಸಂಘದ ಮಹಾಸಭೆಗೆ ಹೆದರುವವನು ಮೊದಲು ಹಿಂದಿನ ಸಾಲಿನಲ್ಲಿ ಕುಳಿತು ಬಂದರೆ ಸಾಕು; ಮೈಕ್ ಹಿಡಿಯುವುದು ಆಮೇಲಿನ ಮಾತು.

ಅಮೆರಿಕದ ಮಿನ್ನೆಸೋಟಾ ವಿಶ್ವವಿದ್ಯಾಲಯದ ತಂಡವೊಂದು ಇಂತಹ 344 ಮಂದಿಯ ಅಧ್ಯಯನವನ್ನು 2013ರಲ್ಲಿ ಪ್ರಕಟಿಸಿತು. ಮದ್ಯವ್ಯಸನದ ಚಿಕಿತ್ಸೆಯ ಜತೆಗೆ ಒಂದು ಗುಂಪಿಗೆ ಈ ಕೊಂಡಿ ಕಳಚುವ ತರಬೇತಿ, ಇನ್ನೊಂದಕ್ಕೆ ಮೈ ಸಡಿಲಿಸುವ ಅಭ್ಯಾಸ ಮಾತ್ರ. ಗಾಬರಿ ಇಬ್ಬರಲ್ಲೂ ತಗ್ಗಿತು. ಆದರೆ ನಾಲ್ಕು ತಿಂಗಳ ಬಳಿಕ ನೋಡಿದಾಗ ಕುಡಿತದ ವಿಷಯದಲ್ಲಿ ಮೊದಲ ಗುಂಪೇ ಮೇಲಾಗಿತ್ತು. ಗಾಬರಿ ಕಡಿಮೆಯಾದರೆ ಕುಡಿತ ತಾನಾಗಿ ಬಿಟ್ಟೀತೆಂಬ ಲೆಕ್ಕ ಅಷ್ಟು ಸರಳವಲ್ಲ.

ಊರಿಗೆ ಕರೆದೊಯ್ದು ದೈವದೆದುರು ಆಣೆ ಹಾಕಿಸುವ ಕುಟುಂಬಗಳಿವೆ. ನಂಬಿಕೆ ಅವರದು, ಆಕ್ಷೇಪವಿಲ್ಲ. ಆದರೆ ವರ್ಷಗಟ್ಟಲೆ ಪ್ರತಿದಿನ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ಎರಡು ಮೂರು ದಿನಗಳೊಳಗೆ ಫಿಟ್ಸ್, ಚಿತ್ತಭ್ರಮೆ ಕಾಣಿಸಿಕೊಳ್ಳಬಹುದು, ಪ್ರಾಣಕ್ಕೂ ಅಪಾಯವಾಗಬಹುದು. ಆದ್ದರಿಂದ ಮೊದಲು ವೈದ್ಯರ ನಿಗಾದಲ್ಲಿ ಮದ್ಯ ಬಿಡಿಸಿ, ನಂತರ ಈ ಚಿಕಿತ್ಸೆ ಆರಂಭಿಸುವುದು ಕ್ಷೇಮ.

ನಗರದ ಕೆ.ಇ.ಎಂ., ನಾಯರ್, ಸಯನ್ ಆಸ್ಪತ್ರೆಗಳಲ್ಲಿ ಮನೋರೋಗ ವಿಭಾಗಗಳಿವೆ. ಮರಾಠಿ, ಹಿಂದಿಯಲ್ಲಿ ಮನಸ್ಸು ಬಿಚ್ಚಲಾಗದವರು ಕೇಂದ್ರ ಸರಕಾರ 2022ರಲ್ಲಿ ಆರಂಭಿಸಿದ ಉಚಿತ ಸಹಾಯವಾಣಿ ಟೆಲಿ-ಮಾನಸ್‌ಗೆ, 14416 ಸಂಖ್ಯೆಯಲ್ಲಿ, ಹಗಲುರಾತ್ರಿ ಕರೆ ಮಾಡಬಹುದು. ಅದರ ಭಾಷೆಗಳಲ್ಲಿ ಕನ್ನಡವೂ ಒಂದು.