ಕಳಲೆಯ ದಳವಾಯಿ ಮತ್ತು ಫ್ರೆಂಚಿನ ‘ಆಗಿರಬಹುದು’

ನಂಜನಗೂಡಿನ ಸಮೀಪದ ಕಳಲೆಗೆ ಹೋದವರು ಸಾಮಾನ್ಯವಾಗಿ ಲಕ್ಷ್ಮೀಕಾಂತಸ್ವಾಮಿಯ ದರ್ಶನ ಮಾಡಿ ಹಿಂದಿರುಗುತ್ತಾರೆ. ಮೈಸೂರು ಒಡೆಯರಿಗೆ ದಳವಾಯಿಗಳನ್ನು ಕೊಟ್ಟ ಮನೆತನದ ಊರು ಇದು ಎಂಬುದು ಇತಿಹಾಸ ಓದಿದವರಿಗೆ ಗೊತ್ತು. ಆದರೆ ಅದೇ ಮನೆತನದ ಕರಾಚೂರಿ ನಂಜರಾಜಯ್ಯ ಎರಡು ವರ್ಷಕ್ಕೂ ಹೆಚ್ಚು ಕಾಲ ಫ್ರೆಂಚರ ಜೊತೆಗಾರನಾಗಿ ಕಾವೇರಿಯ ಕೆಳದಂಡೆಯಲ್ಲಿ ಬೀಡುಬಿಟ್ಟಿದ್ದನೆಂಬುದು ಅಷ್ಟಾಗಿ ಯಾರ ಮಾತಿನಲ್ಲೂ ಬರುವುದಿಲ್ಲ. ಫ್ರೆಂಚ್ ಕಲಿಯುವ ನಮ್ಮ ಮಕ್ಕಳು ಹೆದರುವ ಒಂದು ಕ್ರಿಯಾರೂಪವನ್ನು ವಿವರಿಸಲು ಈ ದಳವಾಯಿಯ ಕಥೆಗಿಂತ ಒಳ್ಳೆಯ ಪಾಠ ನನಗೆ ಕಾಣುತ್ತಿಲ್ಲ.

ಕಥೆ ಇಷ್ಟು. ಇಮ್ಮಡಿ ಕೃಷ್ಣರಾಜ ಒಡೆಯರು ಹೆಸರಿಗೆ ಅರಸರು; ಅಧಿಕಾರವೆಲ್ಲ ಕಳಲೆಯ ಅಣ್ಣತಮ್ಮಂದಿರಾದ ದೇವರಾಜಯ್ಯ ಮತ್ತು ನಂಜರಾಜಯ್ಯರ ಕೈಯಲ್ಲಿ. ಆರ್ಕಾಟಿನ ನವಾಬಗಿರಿಗಾಗಿ ಚಂದಾ ಸಾಹೇಬನೂ ಮಹಮ್ಮದ್ ಅಲಿಯೂ ಹೊಡೆದಾಡುತ್ತಿದ್ದಾಗ, ನೆರವಿಗೆ ಬಂದರೆ ತಿರುಚಿರಾಪಳ್ಳಿಯನ್ನು ಬಿಟ್ಟುಕೊಡುತ್ತೇನೆಂದು ಮಹಮ್ಮದ್ ಅಲಿ ಮೈಸೂರಿಗೆ ಮಾತು ಕೊಟ್ಟ. 1752ರಲ್ಲಿ ನಂಜರಾಜಯ್ಯ ದಂಡೆತ್ತಿ ಹೋದ. ಅದೇ ವರ್ಷ ಚಂದಾ ಸಾಹೇಬ ಹತನಾದ, ಮಹಮ್ಮದ್ ಅಲಿ ಮಾತಿಗೆ ತಪ್ಪಿದ. ಇಂಗ್ಲಿಷರು ಅವನ ಬೆನ್ನಿಗೆ ನಿಂತಿದ್ದರಿಂದ ನಂಜರಾಜಯ್ಯ 1753ರಲ್ಲಿ ಪಾಂಡಿಚೇರಿಯ ಫ್ರೆಂಚ್ ಗವರ್ನರ್ ಡೂಪ್ಲೆಕ್ಸ್‌ನ ಕಡೆಗೆ ತಿರುಗಿದ. ಮರುವರ್ಷ ಡೂಪ್ಲೆಕ್ಸ್‌ನನ್ನೇ ಫ್ರಾನ್ಸ್ ವಾಪಸು ಕರೆಸಿಕೊಂಡಿತು. 1755ರಲ್ಲಿ ನಂಜರಾಜಯ್ಯ ಬರಿಗೈಲಿ ಹಿಂದಿರುಗಿದ. ಆ ಹೊತ್ತಿಗೆ ಹೈದರಾಬಾದಿನ ನಿಜಾಮ ಸಲಾಬತ್ ಜಂಗನ ಸೈನ್ಯ ಕಪ್ಪ ಕೇಳಿಕೊಂಡು ಶ್ರೀರಂಗಪಟ್ಟಣದ ಬಾಗಿಲಿಗೆ ಬಂದಿತ್ತು. ಅದರೊಡನೆ ಬಂದವನು ಬುಸ್ಸಿ, ಅವನೂ ಫ್ರೆಂಚ್ ಸೇನಾನಿಯೇ! ಖಜಾನೆ ಬರಿದಾಯಿತು, ಸಂಬಳ ಕಾಣದ ಸೈನಿಕರು ಮುನಿದರು, ತಿರುಚಿರಾಪಳ್ಳಿಯ ದಂಡಿನಲ್ಲಿ ಹೆಸರು ಮಾಡಿದ್ದ ಹೈದರ್ ಮೇಲೇರಿದ.

ಇವೆಲ್ಲ ನಡೆದ ಸಂಗತಿಗಳು. ಇವನ್ನು ‘ಹೋದ’, ‘ತಪ್ಪಿದ’, ‘ತಿರುಗಿದ’ ಎಂದು ಗಟ್ಟಿಯಾಗಿ ಹೇಳಬಹುದು. ಆದರೆ ನಂಜರಾಜಯ್ಯ ಮಹಮ್ಮದ್ ಅಲಿಯ ಮಾತನ್ನು ನಿಜಕ್ಕೂ ನಂಬಿದ್ದನೆ? ಇಲ್ಲಿ ‘ನಂಬಿದ್ದ’ ಎಂದು ಬರೆಯುವವರು ದುಡುಕುತ್ತಾರೆ. ‘ನಂಬಿರಬಹುದು’ ಎನ್ನುವುದೇ ಸರಿ. ಈ ‘ನಂಬಿರಬಹುದು’ ಫ್ರೆಂಚಿಗೆ ಹೋದರೆ ‘ಇಲ್ ಎ ಪೊಸೀಬ್ಲ್ ಕ ನಂಜರಾಜ ಎ ಕ್ರ್ಯು’ ಎಂದಾಗುತ್ತದೆ. ಮೊದಲ ನಾಲ್ಕು ಪದಗಳಿಗೆ ‘ಸಾಧ್ಯವಿದೆ’ ಎಂದರ್ಥ. ಕೊನೆಯ ‘ಎ ಕ್ರ್ಯು’ ಇದೆಯಲ್ಲ, ಅದೇ ‘ಸ್ಯುಬ್ಝೊಂಕ್ತಿಫ್ ಪಾಸೇ’, ಆಗಿಹೋದ ಕ್ರಿಯೆಗೆ ಮಾತಾಡುವವನ ಮನೋಭಾವವನ್ನು ಸೇರಿಸುವ ಭೂತಕಾಲದ ಸಬ್‌ಜಂಕ್ಟಿವ್. (ಫ್ರೆಂಚಿನ ಕೆಲವು ಸ್ವರಗಳು ನಮ್ಮ ಲಿಪಿಗೆ ಪೂರ್ತಿ ಒಗ್ಗುವುದಿಲ್ಲ, ಕಿವಿಗೆ ಹತ್ತಿರವಾದ ಹಾಗೆ ಬರೆದಿದ್ದೇನೆ.)

ಇದನ್ನು ಕಟ್ಟುವ ಬಗೆ ಕಷ್ಟದ್ದಲ್ಲ. ಒಂದು ಸಹಾಯಕ ಕ್ರಿಯಾಪದ, ಅದರ ಮುಂದೆ ಮುಖ್ಯ ಕ್ರಿಯೆಯ ಭೂತ ಕೃದಂತ. ಸಹಾಯಕಗಳು ಎರಡೇ: ‘ಅವ್ವಾರ್’ (ಹೊಂದಿರು) ಮತ್ತು ‘ಎತ್ರ್’ (ಇರು). ‘ಅವ್ವಾರ್’ನ ಸಬ್‌ಜಂಕ್ಟಿವ್ ರೂಪಗಳಲ್ಲಿ ನಾನು, ನೀನು, ಅವನು, ಅವರು ಎಂಬ ನಾಲ್ಕಕ್ಕೂ ಉಚ್ಚಾರಣೆ ‘ಎ’ ಒಂದೇ, ಕಾಗುಣಿತ ಮಾತ್ರ ಬೇರೆ. ನಾವು ಎಂಬುದಕ್ಕೆ ‘ಎಯೋಂ’, ನೀವು ಎಂಬುದಕ್ಕೆ ‘ಎಯೇ’. ‘ಎತ್ರ್’ಗೂ ಹಾಗೆಯೇ: ‘ಸ್ವಾ’, ‘ಸ್ವಾಯೋಂ’, ‘ಸ್ವಾಯೇ’. ಹೆಚ್ಚಿನ ಕ್ರಿಯಾಪದಗಳು ‘ಅವ್ವಾರ್’ ಜೊತೆ ಸೇರುತ್ತವೆ. ಹೋಗು, ಬರು, ಹೊರಡು, ತಲುಪು, ಹುಟ್ಟು, ಸಾಯು, ಬೀಳು, ಉಳಿ ಮುಂತಾದ ಕೆಲವು ಮತ್ತು ತನಗೆ ತಾನೇ ಮಾಡಿಕೊಳ್ಳುವ ಕ್ರಿಯೆಗಳೆಲ್ಲ ‘ಎತ್ರ್’ ಕಡೆಗೆ. ಬಂದವಳು ಹೆಣ್ಣಾದರೆ ಕೃದಂತಕ್ಕೆ ಬರವಣಿಗೆಯಲ್ಲಿ ಒಂದಕ್ಷರ ಹೆಚ್ಚುತ್ತದೆ, ಬಹುವಚನಕ್ಕೆ ಇನ್ನೊಂದು. ಫ್ರೆಂಚಿನ ಸಾಮಾನ್ಯ ಭೂತಕಾಲವಾದ ‘ಪಾಸೇ ಕೊಂಪೊಝೇ’ ಕಲಿತ ವಿದ್ಯಾರ್ಥಿಗೆ ಇದೆಲ್ಲ ಆಗಲೇ ಗೊತ್ತಿರುತ್ತದೆ. ಸಹಾಯಕವೊಂದನ್ನು ಬದಲಿಸಿಕೊಂಡರೆ ಮುಗಿಯಿತು.

ಕಷ್ಟವಿರುವುದು ಎಲ್ಲಿ ಬಳಸಬೇಕು ಎಂಬಲ್ಲಿ. ನಮ್ಮ ಪಿಯು ತರಗತಿಗಳಲ್ಲಿ, ಬೆಂಗಳೂರಿನ ಅಲಿಯಾನ್ಸ್ ಫ್ರಾನ್ಸೇಸ್‌ನಂಥ ಸಂಸ್ಥೆಗಳಲ್ಲಿ ಫ್ರೆಂಚ್ ಕಲಿಯುವ ಕನ್ನಡದ ಮಕ್ಕಳು ಪ್ರತಿ ವಾಕ್ಯವನ್ನೂ ಮೊದಲು ಇಂಗ್ಲಿಷಿಗೆ ತಂದುಕೊಂಡು ಆಮೇಲೆ ಫ್ರೆಂಚಿಗೆ ಒಯ್ಯುವುದು ರೂಢಿ. ಇಂಗ್ಲಿಷಿನಲ್ಲಿ ಸಬ್‌ಜಂಕ್ಟಿವ್ ಬಹುಮಟ್ಟಿಗೆ ಸವೆದುಹೋಗಿದೆ. ‘ನೀನು ಬಂದೆ’ ಎಂಬ ವರದಿಗೂ ‘ನೀನು ಬಂದದ್ದು ಸಂತೋಷ’ ಎಂಬ ಮಾತಿಗೂ ಅಲ್ಲಿ ಕ್ರಿಯಾಪದ ಬದಲಾಗುವುದೇ ಇಲ್ಲ. ಬದಲಾವಣೆ ಕಾಣದ ದಾರಿಯಲ್ಲಿ ಹೋದ ವಿದ್ಯಾರ್ಥಿಗೆ ಫ್ರೆಂಚರು ಯಾಕೆ ಬದಲಿಸುತ್ತಾರೆಂದು ಹೇಗೆ ಹೊಳೆದೀತು? ಕೊನೆಗೆ ಪಟ್ಟಿಯನ್ನು ಉರುಹೊಡೆಯುವುದೊಂದೇ ಗತಿ.

ಕನ್ನಡದಿಂದ ನೇರವಾಗಿ ಹೋಗಿ ನೋಡಿ. ‘ಬಂದು’ ಎಂಬ ಕೃದಂತ, ಅದಕ್ಕೆ ಸಹಾಯಕವಾಗಿ ‘ಇರು’. ಬಂದಿರಬಹುದು, ಬಂದಿರಲಿಕ್ಕಿಲ್ಲ, ಬಂದಿರಬೇಕು, ಬಂದಿದ್ದರೂ. ಆಗಿಹೋದ ಕ್ರಿಯೆ ‘ಬಂದು’ವಿನಲ್ಲಿದೆ, ಅದರ ಬಗ್ಗೆ ಮಾತಾಡುವವನ ಅನುಮಾನ, ಒತ್ತಾಯ, ಒಪ್ಪಿಗೆಗಳೆಲ್ಲ ‘ಇರು’ವಿನ ಬೆನ್ನಿಗಿವೆ. ಫ್ರೆಂಚಿನಲ್ಲೂ ಭಾವಕ್ಕಾಗಿ ಕೃದಂತ ಕದಲುವುದಿಲ್ಲ, ಮನಸ್ಸಿನ ಬಣ್ಣವೆಲ್ಲ ಸಹಾಯಕದ ಮೇಲೆ. ಅವರಲ್ಲಿ ಸಹಾಯಕ ಮೊದಲು, ನಮ್ಮಲ್ಲಿ ಕೊನೆಗೆ. ಹೈಸ್ಕೂಲಿನಲ್ಲಿ ವಿಧ್ಯರ್ಥಕ, ನಿಷೇಧಾರ್ಥಕ, ಸಂಭಾವನಾರ್ಥಕ ಎಂದು ಓದಿದ ಮಕ್ಕಳಿಗೆ ಕ್ರಿಯೆಗೆ ಕಾಲವಲ್ಲದೆ ಮನೋಭಾವವೂ ಉಂಟು ಎಂಬುದು ಹೊಸ ವಿಷಯವೇ ಅಲ್ಲ.

ಒಂದೊಂದಾಗಿ ಹೊಂದಿಸಿ ನೋಡಬಹುದು. ‘ಅವನು ಬಂದಿದ್ದಾನೆಂದು ನಂಬುತ್ತೇನೆ’: ಫ್ರೆಂಚರು ಇಲ್ಲಿ ಸಬ್‌ಜಂಕ್ಟಿವ್ ಬಳಸುವುದಿಲ್ಲ, ಏಕೆಂದರೆ ಹೇಳುವವನಿಗೆ ಅನುಮಾನವಿಲ್ಲ. ‘ಬಂದಿರಲಿಕ್ಕಿಲ್ಲ’ ಎಂದ ಕೂಡಲೇ ‘ಝ ನ ಕ್ರ್ವಾ ಪಾ ಕಿಲ್ ಸ್ವಾ ವನ್ಯು’ ಎಂದು ಸಬ್‌ಜಂಕ್ಟಿವ್ ಬಂತು. ‘ಡೂಪ್ಲೆಕ್ಸ್ ಮಾತು ಕೊಟ್ಟಿದ್ದರೂ’ ಎನ್ನಲು ‘ಬ್ಯಾಂ ಕ’ ಹಚ್ಚಿ ಅದೇ ರೂಪ. ‘ಮಧ್ಯಾಹ್ನದೊಳಗೆ ನೀನು ಮುಗಿಸಿರಬೇಕು’ ಎಂಬುದಕ್ಕೆ ‘ಇಲ್ ಫೋ ಕ ತ್ಯು ಎ ಫಿನಿ ಅವಾಂ ಮಿದಿ’. ಇಲ್ಲಿ ಕೆಲಸ ಇನ್ನೂ ಆಗಿಲ್ಲ, ಆದರೂ ಭೂತಕಾಲದ ರೂಪ! ಇಂಗ್ಲಿಷಿನ ಮೂಲಕ ಬಂದವರು ತಡವರಿಸುವುದು ಇಲ್ಲೇ. ಕನ್ನಡಿಗರಿಗೆ ‘ಮುಗಿಸಿರಬೇಕು’ ಎಂಬುದರಲ್ಲಿ ಕಾಲ ಯಾವುದು ಎಂದು ಯಾರಾದರೂ ವಿವರಿಸಬೇಕೆ? ಹೇಳಿದ ಗಡುವಿನ ಹೊತ್ತಿಗೆ ಕೆಲಸ ಹಿಂದೆ ಬಿದ್ದಿರಬೇಕು, ಅಷ್ಟೇ. ಭೂತ ಸಬ್‌ಜಂಕ್ಟಿವ್ ಅಳೆಯುವುದು ಇವತ್ತಿನಿಂದ ಹಿಂದಕ್ಕಲ್ಲ, ವಾಕ್ಯದೊಳಗಿನ ಇನ್ನೊಂದು ಬಿಂದುವಿನಿಂದ ಹಿಂದಕ್ಕೆ.

ಸಂತೋಷ, ದುಃಖ, ಆಶ್ಚರ್ಯ, ವಿಷಾದದ ವಾಕ್ಯಗಳು ಬೇರೆ ಬಗೆಯವು. ಇವುಗಳ ಮೇಲೆ ಸ್ವಲ್ಪ ನಿಲ್ಲಬೇಕು. ‘ನಂಜರಾಜಯ್ಯ ತಿರುಚಿರಾಪಳ್ಳಿಗೆ ಹೋದದ್ದು ದುರ್ದೈವ’ ಎಂಬಲ್ಲಿ ಯಾವ ಅನುಮಾನವೂ ಇಲ್ಲ, ಅವನು ಹೋದದ್ದು ಸತ್ಯ. ಆದರೂ ಫ್ರೆಂಚಿನಲ್ಲಿ ‘ಇಲ್ ಎ ದೊಮಾಝ್ ಕ ನಂಜರಾಜ ಸ್ವಾ ಅಲೇ’ ಎಂದೇ ಹೇಳಬೇಕು. ಸಬ್‌ಜಂಕ್ಟಿವ್ ಎಂದರೆ ಅನುಮಾನದ ರೂಪ ಎಂದು ಕಲಿಸಿದ ಮೇಷ್ಟರ ಮಾತು ಇಲ್ಲಿ ಸಾಲದು. ಕನ್ನಡವನ್ನು ಗಮನಿಸಿದರೆ ಕಾರಣ ತಿಳಿಯುತ್ತದೆ: ನಾವೂ ಇಲ್ಲಿ ‘ಹೋದನು’ ಎನ್ನುವುದಿಲ್ಲ, ‘ಹೋದದ್ದು’ ಎನ್ನುತ್ತೇವೆ. ನಾನು, ನೀನು, ಅವನು ಯಾರಿಗಾದರೂ ಒಂದೇ ರೂಪ. ಹೋಗುವ ಸುದ್ದಿಯನ್ನು ನಾವು ಹೇಳುತ್ತಿಲ್ಲ. ಅದು ಕೇಳುವವನಿಗೆ ಗೊತ್ತೇ ಇದೆ. ನಾವು ಹೇಳುತ್ತಿರುವುದು ದುರ್ದೈವವನ್ನು. ಸುದ್ದಿ ಹೊತ್ತ ಕ್ರಿಯಾಪದಕ್ಕೆ ಪೂರ್ಣರೂಪ, ಭಾವನೆಗೆ ಆಧಾರವಾಗಿ ಮಾತ್ರ ಬಂದದ್ದಕ್ಕೆ ಬೇರೆ ರೂಪ. ಎರಡು ಭಾಷೆಗಳೂ ಈ ಭೇದವನ್ನು ಕಾಪಾಡಿಕೊಂಡಿವೆ.

ಇನ್ನೊಂದು ಸೂಕ್ಷ್ಮವೂ ಹೀಗೆಯೇ ಬಿಡಿಸಿಕೊಳ್ಳುತ್ತದೆ. ‘ನೀವು ಬಂದದ್ದು ಸಂತೋಷ’ ಎನ್ನುತ್ತೇವೆ, ‘ನಿಮ್ಮನ್ನು ಕಂಡು ಸಂತೋಷವಾಯಿತು’ ಎನ್ನುತ್ತೇವೆ. ಬಂದವರು ಒಬ್ಬರು, ಸಂತೋಷ ಪಟ್ಟವರು ಇನ್ನೊಬ್ಬರಾದರೆ ಮೊದಲನೆಯದು. ಕಂಡವರೇ ಸಂತೋಷ ಪಟ್ಟವರಾದರೆ ಎರಡನೆಯದು. ಫ್ರೆಂಚರೂ ಮೊದಲನೆಯದಕ್ಕೆ ಸಬ್‌ಜಂಕ್ಟಿವ್ ಇಟ್ಟು, ಎರಡನೆಯದಕ್ಕೆ ಅದನ್ನು ಕೈಬಿಟ್ಟು ‘ದ ವೂ ಝಾವ್ವಾರ್ ವ್ಯು’ ಎಂದು ಕ್ರಿಯೆಯ ಮೂಲರೂಪಕ್ಕೆ ಹೋಗುತ್ತಾರೆ.

ಕನ್ನಡವನ್ನು ನಂಬಿ ಮೋಸಹೋಗುವ ಜಾಗಗಳೂ ಇವೆ. ‘ಚೆನ್ನಾಗಿ ನಿದ್ದೆ ಮಾಡಿರಬಹುದೆಂದು ಆಶಿಸುತ್ತೇನೆ’ ಎಂಬಲ್ಲಿ ನಮಗೆ ಅನುಮಾನ ಕೇಳಿಸುತ್ತದೆ. ಫ್ರೆಂಚಿನ ‘ಎಸ್ಪೆರೇ’, ಅಂದರೆ ಆಶಿಸು, ಸಬ್‌ಜಂಕ್ಟಿವ್ ಬೇಡುವುದಿಲ್ಲ. ‘ಮೊದಲು’ ಎಂಬರ್ಥದ ‘ಅವಾಂ ಕ’ಗೆ ಸಬ್‌ಜಂಕ್ಟಿವ್ ಬೇಕು, ‘ಆದ ಮೇಲೆ’ ಎಂಬರ್ಥದ ‘ಅಪ್ರೆ ಕ’ಗೆ ವ್ಯಾಕರಣದ ಪ್ರಕಾರ ಬೇಡ. ಇವನ್ನು ನೆನಪಿಟ್ಟುಕೊಳ್ಳುವುದೇ ದಾರಿ.

ಹಳೆಯ ಫ್ರೆಂಚ್ ಪುಸ್ತಕ ಓದುವ ಆಸೆಯುಳ್ಳವರಿಗೆ ಒಂದು ಮಾತು. 1799ರ ನಂತರ ಮೈಸೂರು ಸೀಮೆಗೆ ಬಂದು ಬಹುಕಾಲ ಇಲ್ಲೇ ಇದ್ದ ಪಾದ್ರಿ ಅಬೆ ದುಬ್ವಾ, ನಮ್ಮ ಜನರ ಆಚಾರವಿಚಾರಗಳ ಬಗ್ಗೆ ಬರೆದ ದೊಡ್ಡ ಪುಸ್ತಕ 1825ರಲ್ಲಿ ಪ್ಯಾರಿಸಿನಲ್ಲಿ ಫ್ರೆಂಚ್‌ನಲ್ಲಿ ಅಚ್ಚಾಯಿತು. ಆ ಕಾಲದ ಗದ್ಯದಲ್ಲಿ ಸಬ್‌ಜಂಕ್ಟಿವ್‌ಗೆ ಇನ್ನೂ ಎರಡು ಭೂತರೂಪಗಳಿದ್ದವು. ಇಂದಿನ ಮಾತಿನಲ್ಲಿ ಅವು ಮರೆಯಾಗಿವೆ. ಒಂದರ ಕೆಲಸವನ್ನು ವರ್ತಮಾನದ ಸಬ್‌ಜಂಕ್ಟಿವ್, ಇನ್ನೊಂದರ ಕೆಲಸವನ್ನು ‘ಸ್ಯುಬ್ಝೊಂಕ್ತಿಫ್ ಪಾಸೇ’ ಹೊತ್ತಿವೆ. ಕಲಿಯುವವರಿಗೆ ಇದು ಲಾಭ.

ಮತ್ತೆ ನಂಜರಾಜಯ್ಯನಿಗೆ ಬರೋಣ. ಅವನು ಸ್ವತಃ ಕನ್ನಡ ಗದ್ಯಕಾರ. ಕಕುದ್ಗಿರಿ ಮಾಹಾತ್ಮ್ಯ, ಹಾಲಾಸ್ಯ ಮಾಹಾತ್ಮ್ಯಗಳು ಅವನ ಹೆಸರಿನಲ್ಲಿವೆ. ನೃಸಿಂಹ ಕವಿ ಅವನ ಹೆಸರಿಟ್ಟೇ ಸಂಸ್ಕೃತದಲ್ಲಿ ಅಲಂಕಾರಗ್ರಂಥ ಬರೆದ. ಅಂಥವನ ಊರು ಕಳಲೆ, ಅವನ ಜೊತೆಗಾರರು ಫ್ರೆಂಚರು. ಫ್ರೆಂಚ್ ವ್ಯಾಕರಣದ ಉದಾಹರಣೆಗಳಿಗೆ ಪ್ಯಾರಿಸಿನ ಕಾಫಿ ಅಂಗಡಿಯೇ ಆಗಬೇಕೆಂದಿಲ್ಲ. ಫ್ರೆಂಚ್ ಕಲಿಸುವ ನಮ್ಮ ಅಧ್ಯಾಪಕರಲ್ಲಿ ನನ್ನ ಕೋರಿಕೆ ಇದು: ಈ ಅಧ್ಯಾಯ ಬಂದ ದಿನ ಇಂಗ್ಲಿಷನ್ನು ಬದಿಗಿಡಿ, ಕರಿಹಲಗೆಯ ಮೇಲೆ ‘ಬಂದಿರಬಹುದು, ಬಂದಿರಲಿಕ್ಕಿಲ್ಲ, ಬಂದಿರಬೇಕು, ಬಂದದ್ದು’ ಎಂದು ಬರೆದು ಪಾಠ ಶುರುಮಾಡಿ.