ಅಂತರಜಾಲದಲ್ಲೊಂದು ಸ್ವಂತ ಪುಟ

ತನಗೆ ತಿಳಿದುದನ್ನು ನಾಲ್ಕು ಜನರಿಗೆ ತಿಳಿಸಬೇಕೆಂಬ ಹಂಬಲವು ಮನುಷ್ಯನಲ್ಲಿ ಬಹು ಹಿಂದಿನಿಂದಲೂ ಇದೆ. ಆದರೆ ಅದಕ್ಕೆ ಬೇಕಾದ ಸಾಧನಗಳು ಎಲ್ಲರ ಕೈಗೂ ಎಟುಕುತ್ತಿರಲಿಲ್ಲ. ಕಲ್ಲಿನ ಮೇಲೆ ಶಾಸನವನ್ನು ಬರೆಯಿಸಬೇಕಾದರೆ ಅರಸನೋ ಅಧಿಕಾರಿಯೋ ಸಿರಿವಂತನೋ ಆಗಿರಬೇಕಾಗಿತ್ತು. ಮುದ್ರಣಯಂತ್ರ ಬಂದ ಮೇಲೆ ಈ ಅವಕಾಶವು ಹಿಗ್ಗಿತು, ನಿಜ. ಆದರೂ ಕಾಗದ, ಮಸಿ, ಅಚ್ಚುಮೊಳೆ, ಅಂಚೆಯ ವೆಚ್ಚ ಇವುಗಳನ್ನೆಲ್ಲ ಹೊಂದಿಸಬಲ್ಲವನೇ ಪ್ರಕಾಶಕನಾಗಬಲ್ಲವನಾಗಿದ್ದನು. ಇಂದು ಒಂಬತ್ತನೆಯ ತರಗತಿಯ ವಿದ್ಯಾರ್ಥಿಯೊಬ್ಬನು ತನ್ನ ಊರಿನ ಕೆರೆಯ ವಿಷಯವಾಗಿ ನಾಲ್ಕು ಪುಟ ಬರೆದು, ಅದನ್ನು ಜಗತ್ತಿನ ಯಾವ ಮೂಲೆಯಲ್ಲಿರುವವರೂ ಓದುವಂತೆ ಇರಿಸಬಹುದು. ಇದು ಹೇಗೆ ಸಾಧ್ಯವಾಯಿತು, ಇದಕ್ಕೆ ಏನೇನು ಬೇಕು ಎಂಬುದನ್ನು ತಿಳಿಯುವುದು ಕಷ್ಟವಲ್ಲ.

ಸ್ವಿಟ್ಜರ್ಲೆಂಡಿನ ಜಿನೀವಾ ನಗರದ ಬಳಿ ‘ಸೆರ್ನ್’ ಎಂಬ ಭೌತವಿಜ್ಞಾನ ಸಂಶೋಧನಾ ಕೇಂದ್ರವಿದೆ. ಅಲ್ಲಿಗೆ ನಾನಾ ದೇಶಗಳ ವಿಜ್ಞಾನಿಗಳು ಬಂದು ಹೋಗುತ್ತಿರುತ್ತಾರೆ. ಒಬ್ಬರ ಟಿಪ್ಪಣಿ ಒಂದು ಬಗೆಯ ಗಣಕಯಂತ್ರದಲ್ಲಿದ್ದರೆ ಇನ್ನೊಬ್ಬರದು ಮತ್ತೊಂದು ಬಗೆಯದರಲ್ಲಿ. ಬರೆದವರು ಊರು ಬಿಟ್ಟೊಡನೆ ಅವರ ತಿಳಿವಳಿಕೆಯೂ ಕಣ್ಮರೆಯಾಗುತ್ತಿತ್ತು. ಈ ತೊಂದರೆಯನ್ನು ಕಂಡ ಟಿಮ್ ಬರ್ನರ್ಸ್-ಲೀ ಎಂಬ ಆಂಗ್ಲ ತರುಣರು ೧೯೮೯ರ ಮಾರ್ಚ್ ತಿಂಗಳಿನಲ್ಲಿ ಒಂದು ಯೋಜನೆಯನ್ನು ಮೇಲಧಿಕಾರಿಗಳ ಮುಂದಿಟ್ಟರು. ಎಲ್ಲ ಟಿಪ್ಪಣಿಗಳನ್ನೂ ಒಂದೇ ಸರಳ ಕ್ರಮದಲ್ಲಿ ಬರೆಯುವುದು, ಒಂದರಿಂದ ಇನ್ನೊಂದಕ್ಕೆ ಕೊಂಡಿ ಹಾಕುವುದು, ಯಾವ ಯಂತ್ರದಿಂದ ಕೇಳಿದರೂ ಅವು ದೊರೆಯುವಂತೆ ಮಾಡುವುದು – ಇದೇ ಆ ಯೋಜನೆಯ ತಿರುಳು. ೧೯೯೦ರ ಕೊನೆಯ ಹೊತ್ತಿಗೆ ಜಗತ್ತಿನ ಮೊದಲ ಜಾಲತಾಣವು ಅವರ ಮೇಜಿನ ಮೇಲಿದ್ದ ನೆಕ್ಸ್ಟ್ ಎಂಬ ಗಣಕಯಂತ್ರದಲ್ಲಿ ಕೆಲಸಮಾಡತೊಡಗಿತು. ಯಾರಾದರೂ ಅರಿಯದೆ ಆ ಯಂತ್ರವನ್ನು ಆರಿಸಿಬಿಟ್ಟಾರೆಂದು, ಇದು ಸರ್ವರ್, ಇದನ್ನು ಆರಿಸಬಾರದು ಎಂಬ ಅರ್ಥದ ಚೀಟಿಯೊಂದನ್ನು ಕೆಂಪು ಮಸಿಯಲ್ಲಿ ಬರೆದು ಅದಕ್ಕೆ ಅಂಟಿಸಿದ್ದರು.

ಜಾಲತಾಣವೆಂದರೇನೆಂಬುದಕ್ಕೆ ಆ ಚೀಟಿಯೇ ಒಳ್ಳೆಯ ವಿವರಣೆಯಾಗಿದೆ. ಜಾಲತಾಣವು ಆಕಾಶದಲ್ಲೆಲ್ಲೋ ತೇಲುವ ವಸ್ತುವಲ್ಲ. ಅದು ಎಲ್ಲಿಯೋ ಒಂದು ಕೋಣೆಯಲ್ಲಿ, ಹಗಲಿರುಳು ಎಚ್ಚರವಾಗಿರುವ ಒಂದು ಯಂತ್ರದೊಳಗಿನ ಬರಹ. ಕೇಳಿದವರಿಗೆ ಆ ಬರಹದ ಪ್ರತಿಯನ್ನು ಕಳುಹಿಸಿಕೊಡುವ ಯಂತ್ರಕ್ಕೆ ಸರ್ವರ್ ಎಂದು ಹೆಸರು. ಕೇಳುವ ಮತ್ತು ಬಂದುದನ್ನು ತೆರೆದು ತೋರಿಸುವ ಕೆಲಸ ನಮ್ಮ ಕೈಯಲ್ಲಿರುವ ಬ್ರೌಸರಿನದು. ಕೇಳಿದ ಪುಟವು ಅಲ್ಲಿ ಇಲ್ಲದಿದ್ದರೆ ಸರ್ವರ್ ‘೪೦೪’ ಎಂಬ ಸಂಖ್ಯೆಯನ್ನು ಉತ್ತರವಾಗಿ ಕಳುಹಿಸುತ್ತದೆ. ಈ ಸಂಖ್ಯೆಯನ್ನು ನೀವು ಒಮ್ಮೆಯಾದರೂ ಕಂಡಿರಬಹುದು. ಯಂತ್ರವು ಕೆಟ್ಟಿದೆ ಎಂದು ಅದರ ಅರ್ಥವಲ್ಲ. ಯಂತ್ರವು ಎಚ್ಚರವಾಗಿಯೇ ಇದೆ, ಆದರೆ ನೀವು ಕೇಳಿದುದು ಅಲ್ಲಿಲ್ಲ ಎಂದರ್ಥ.

ಸೆರ್ನ್ ಸಂಸ್ಥೆಯು ೧೯೯೩ರ ಏಪ್ರಿಲ್ ೩೦ರಂದು ಈ ಕ್ರಮವನ್ನು ಯಾರು ಬೇಕಾದರೂ ಶುಲ್ಕವಿಲ್ಲದೆ ಬಳಸಬಹುದೆಂದು ಸಾರಿತು. ಹಾಗಲ್ಲದೆ ಪುಟವೊಂದಕ್ಕೆ ಇಷ್ಟು ಹಣವೆಂದು ಗೊತ್ತುಮಾಡಿದ್ದರೆ, ನಾವು ಈ ಪಾಠವನ್ನು ಓದುವ ಪ್ರಸಂಗವೇ ಬರುತ್ತಿರಲಿಲ್ಲವೇನೋ.

ಇನ್ನು ಪುಟವನ್ನು ಬರೆಯುವ ಬಗೆ. ಇದಕ್ಕೆ ಬೆಲೆಬಾಳುವ ಸಾಧನ ಬೇಕಿಲ್ಲ. ಯಾವ ಗಣಕಯಂತ್ರದಲ್ಲಿಯೂ ಇರುವ, ನೋಟ್‌ಪ್ಯಾಡಿನಂತಹ ಸಾದಾ ಬರವಣಿಗೆಯ ತಂತ್ರಾಂಶವೇ ಸಾಕು. ಪುಟದ ಭಾಷೆಗೆ ‘ಎಚ್‌ಟಿಎಂಎಲ್’ ಎಂದು ಹೆಸರು. ಹೆಸರು ಕೇಳಿ ಹೆದರಬೇಕಾಗಿಲ್ಲ. ನಾವು ಬರೆದ ಸಾಲುಗಳಲ್ಲಿ ಯಾವುದು ಶೀರ್ಷಿಕೆ, ಯಾವುದು ಪರಿಚ್ಛೇದ, ಎಲ್ಲಿ ಚಿತ್ರ ಬರಬೇಕು ಎಂಬುದನ್ನು ಗುರುತುಮಾಡುವ ವಿಧಾನವೇ ಅದು. ಗಣಿತದಲ್ಲಿ ‘ಚಿಕ್ಕದು’, ‘ದೊಡ್ಡದು’ ಎಂದು ತೋರಿಸಲು ಬಳಸುವ ಎರಡು ಚಿಹ್ನೆಗಳ ನಡುವೆ ‘ಪಿ’ ಎಂಬ ಇಂಗ್ಲಿಷ್ ಅಕ್ಷರವನ್ನು ಬರೆದರೆ ಪರಿಚ್ಛೇದವು ಆರಂಭವಾಯಿತೆಂದು ಬ್ರೌಸರ್ ತಿಳಿಯುತ್ತದೆ. ಅದೇ ಅಕ್ಷರದ ಹಿಂದೆ ಒಂದು ಓರೆಗೆರೆ ಸೇರಿಸಿದರೆ ಪರಿಚ್ಛೇದವು ಮುಗಿಯಿತೆಂದು ತಿಳಿಯುತ್ತದೆ. ‘ಎಚ್’ ಅಕ್ಷರವೂ ೧ ಎಂಬ ಅಂಕಿಯೂ ಸೇರಿದರೆ ಮುಖ್ಯ ಶೀರ್ಷಿಕೆ. ‘ಎ’ ಎಂಬ ಅಕ್ಷರವು ಕೊಂಡಿಗೆ. ಮೊದಮೊದಲು ಇಂತಹ ಗುರುತುಗಳು ಇಪ್ಪತ್ತರ ಆಸುಪಾಸಿನಲ್ಲಿದ್ದವು. ಈಗ ನೂರಕ್ಕೂ ಹೆಚ್ಚಿವೆ; ಆದರೆ ಎಂಟು ಹತ್ತನ್ನು ಬಲ್ಲವನು ಓದಲು ಯೋಗ್ಯವಾದ ಪುಟವನ್ನು ಸಿದ್ಧಪಡಿಸಬಲ್ಲನು. ಸಿದ್ಧ ಮಾದರಿಗಳನ್ನು ಒದಗಿಸುವ ಸೇವೆಗಳು ಬೇಕಾದಷ್ಟಿವೆ. ಅವು ಅನುಕೂಲವೇ ಸರಿ. ಆದರೂ ಮೊದಲ ಪುಟವನ್ನು ಕೈಯಾರೆ ಬರೆಯುವುದು ಮೇಲು. ಹಾಗೆ ಬರೆದವನಿಗೆ ಒಳಗಿನ ಕಟ್ಟಡ ತಿಳಿದಿರುತ್ತದೆ; ಕೆಟ್ಟರೆ ತಾನೇ ಸರಿಪಡಿಸಿಕೊಳ್ಳುತ್ತಾನೆ. ಬರೆದ ಕಡತವನ್ನು ನಿಮ್ಮ ಯಂತ್ರದಲ್ಲಿಯೇ ಉಳಿಸಿ ಬ್ರೌಸರಿನಲ್ಲಿ ತೆರೆದರೆ ಪುಟವು ಕಣ್ಣ ಮುಂದೆ ಮೂಡುತ್ತದೆ. ಇಷ್ಟಕ್ಕೆ ಅಂತರಜಾಲದ ಸಂಪರ್ಕವೂ ಬೇಡ.

ಕನ್ನಡದಲ್ಲಿ ಬರೆಯುವವರು ಇಲ್ಲಿ ಒಂದು ವಿಷಯವನ್ನು ಅವಶ್ಯವಾಗಿ ತಿಳಿದಿರಬೇಕು. ಗಣಕಯಂತ್ರವು ಅಕ್ಷರಗಳನ್ನು ಅರಿಯದು. ಅದು ಅರಿಯುವುದು ಸಂಖ್ಯೆಗಳನ್ನು ಮಾತ್ರ. ಹಿಂದೆ ಕನ್ನಡದ ಅಕ್ಷರಗಳಿಗೆ ಎಲ್ಲರೂ ಒಪ್ಪಿದ ಸಂಖ್ಯೆಗಳು ಬಳಕೆಯಲ್ಲಿರಲಿಲ್ಲ. ಆದುದರಿಂದ ಇಂಗ್ಲಿಷ್ ಅಕ್ಷರಗಳ ಸಂಖ್ಯೆಗಳಿಗೇ ಕನ್ನಡದ ಆಕೃತಿಗಳನ್ನು ತೊಡಿಸುವ ಉಪಾಯವನ್ನು ಮಾಡಿದ್ದರು. ಆ ಅಕ್ಷರವಿನ್ಯಾಸವಿರುವ ಯಂತ್ರದಲ್ಲಿ ಬರಹವು ಕನ್ನಡವಾಗಿ ಕಾಣುತ್ತಿತ್ತು. ಅದಿಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತಿತ್ತು. ಡಾ. ಯು. ಬಿ. ಪವನಜ ಅವರು ೧೯೯೬ರಲ್ಲಿ ‘ವಿಶ್ವಕನ್ನಡ’ವೆಂಬ ಜಾಲತಾಣವನ್ನು ಆರಂಭಿಸಿದಾಗ ಕನ್ನಡದ ಸ್ಥಿತಿಯು ಹೀಗಿತ್ತು. ಅಂತಹ ಕಾಲದಲ್ಲಿಯೂ ಕನ್ನಡವನ್ನು ಜಾಲಕ್ಕೆ ತಂದವರ ಸಾಹಸವು ಮೆಚ್ಚತಕ್ಕದ್ದು.

ಜಗತ್ತಿನ ಲಿಪಿಗಳಿಗೆಲ್ಲ ಬೇರೆಬೇರೆ ಸಂಖ್ಯೆಗಳನ್ನು ಗೊತ್ತುಮಾಡುವ ವ್ಯವಸ್ಥೆಗೆ ಯೂನಿಕೋಡ್ ಎಂದು ಹೆಸರು. ೧೯೯೧ರಲ್ಲಿ ಪ್ರಕಟವಾದ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ೧೨೮ ಸ್ಥಾನಗಳನ್ನು ಮೀಸಲಿಡಲಾಯಿತು. ಅದರಲ್ಲಿ ‘ಅ’ ಎಂಬುದು ೩೨೦೫; ‘ಕ’ ಎಂಬುದು ೩೨೨೧. ‘ಕನ್ನಡ’ ಎಂಬ ಪದವನ್ನು ಬರೆದರೆ ಯಂತ್ರವು ಕ, ನ, ಹಲಂತದ ಗುರುತು, ಮತ್ತೆ ನ, ಕೊನೆಗೆ ಡ – ಹೀಗೆ ಐದು ಸಂಖ್ಯೆಗಳನ್ನು ದಾಖಲಿಸುತ್ತದೆ. ವ್ಯಾಕರಣದಲ್ಲಿ ಸಂಯುಕ್ತಾಕ್ಷರವನ್ನು ಬಿಡಿಸಿ ಬರೆಯುವ ಅಭ್ಯಾಸವುಳ್ಳವರಿಗೆ ಇದು ಹೊಸದೆನಿಸದು. ೨೦೦೧ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ ವ್ಯವಸ್ಥೆಯಲ್ಲಿ ‘ತುಂಗಾ’ ಎಂಬ ಯೂನಿಕೋಡ್ ಅಕ್ಷರವಿನ್ಯಾಸವು ಸೇರಿತ್ತು. ೨೦೦೩ರಲ್ಲಿ ಕನ್ನಡ ವಿಕಿಪೀಡಿಯವು ಪ್ರಾರಂಭವಾಯಿತು. ಇಂದು ಮೊಬೈಲ್ ಫೋನಿನಲ್ಲಿಯೂ ಕನ್ನಡವು ತಾನಾಗಿಯೇ ಮೂಡುತ್ತದೆ.

ಆದುದರಿಂದ ನಿಮ್ಮ ಪುಟವನ್ನು ಯೂನಿಕೋಡಿನಲ್ಲಿಯೇ ಬರೆಯಿರಿ. ಪುಟದ ತಲೆಯಲ್ಲಿ ಅಕ್ಷರಕ್ರಮವು ‘ಯುಟಿಎಫ್-೮’ ಎಂದೂ ಭಾಷೆಯು ಕನ್ನಡವೆಂದೂ ಸೂಚಿಸಿರಿ. ಕಣ್ಣು ಕಾಣದವರಿಗೆ ಪುಟವನ್ನು ಓದಿ ಹೇಳುವ ತಂತ್ರಾಂಶಗಳು ಈ ಸೂಚನೆಯನ್ನು ನೋಡಿಯೇ ಕನ್ನಡದ ಉಚ್ಚಾರಣೆಯನ್ನು ಆರಿಸಿಕೊಳ್ಳುತ್ತವೆ. ಕೆಲವರು ಕನ್ನಡ ಬರಹದ ಛಾಯಾಚಿತ್ರವನ್ನು ತೆಗೆದು ಅದನ್ನೇ ಪುಟದಲ್ಲಿ ಅಂಟಿಸುತ್ತಾರೆ. ಅದು ನೋಟಕ್ಕೆ ಚೆನ್ನ. ಆದರೆ ಅದನ್ನು ಹುಡುಕಲು, ತಿದ್ದಲು, ಉದ್ಧರಿಸಲು ಬಹು ಕಷ್ಟ. ಗಾತ್ರದಲ್ಲಿಯೂ ಅದು ದುಬಾರಿಯೇ. ಈ ಪಾಠದಷ್ಟು ಉದ್ದದ ಬರಹಕ್ಕೆ ಸುಮಾರು ನಲವತ್ತು ಕಿಲೋಬೈಟ್ ಸ್ಥಳ ಸಾಕು. ಮೊಬೈಲಿನಲ್ಲಿ ತೆಗೆದ ಒಂದೇ ಚಿತ್ರವು ಇಂತಹ ಹಲವು ಹತ್ತು ಪಾಠಗಳ ಸ್ಥಳವನ್ನು ಬೇಡೀತು. ಚಿತ್ರ ಬೇಕಿದ್ದರೆ ಕಿರಿದುಗೊಳಿಸಿಯೇ ಹಾಕಬೇಕು.

ಬರೆದ ಪುಟಕ್ಕೆ ಈಗ ನೆಲೆಯೊಂದು ಬೇಕು. ಮನೆಯಲ್ಲಿರುವ ಗಣಕಯಂತ್ರವನ್ನೇ ಸರ್ವರ್ ಮಾಡಬಾರದೇ ಎಂದು ನೀವು ಕೇಳಬಹುದು. ಮಾಡಬಹುದು, ಬರ್ನರ್ಸ್-ಲೀ ಅವರು ಮಾಡಿದ್ದೂ ಹೆಚ್ಚುಕಡಮೆ ಅದನ್ನೇ. ಆದರೆ ಮನೆಯಲ್ಲಿ ವಿದ್ಯುತ್ತು ಹೋದರೆ ಜಾಲತಾಣವೂ ಹೋಗುತ್ತದೆ. ಮನೆಯ ಸಂಪರ್ಕಕ್ಕೆ ದೊರೆಯುವ ಸಂಖ್ಯಾವಿಳಾಸವು ಸಾಮಾನ್ಯವಾಗಿ ಆಗಾಗ ಬದಲಾಗುತ್ತಲೂ ಇರುತ್ತದೆ. ಹೊರಗಿನವರಿಗೆ ತೆರೆದಿಟ್ಟ ಯಂತ್ರಕ್ಕೆ ಕಳ್ಳಗಿಂಡಿ ಕೊರೆಯಲು ನೋಡುವವರೂ ಇರುತ್ತಾರೆ. ಆದುದರಿಂದ ಬಹುಮಂದಿ ಬೇರೆಯವರ ಸರ್ವರಿನಲ್ಲಿ ಸ್ವಲ್ಪ ಜಾಗವನ್ನು ಬಾಡಿಗೆಗೆ ಪಡೆಯುತ್ತಾರೆ. ಇದನ್ನೇ ಹೋಸ್ಟಿಂಗ್ ಎನ್ನುವುದು. ಬರಹ ಮತ್ತು ಚಿತ್ರಗಳಷ್ಟೇ ಇರುವ ಸಾದಾ ಪುಟಗಳನ್ನು ಬಾಡಿಗೆಯಿಲ್ಲದೆ ಇಟ್ಟುಕೊಳ್ಳುವ ಸೇವೆಗಳೂ ಉಂಟು. ಗಿಟ್‌ಹಬ್ ಪೇಜಸ್ ಎಂಬುದು ಅವುಗಳಲ್ಲಿ ಒಂದು. ಕಲಿಯುವವರಿಗೆ ಇದು ಸಾಕು. ಮುಖಪುಟದ ಕಡತಕ್ಕೆ ‘ಇಂಡೆಕ್ಸ್’ ಎಂದು ಹೆಸರಿಡುವುದು ರೂಢಿ. ಬಂದವರು ಇಂತಹುದೇ ಪುಟವೆಂದು ಹೇಳದಿದ್ದಾಗ ಸರ್ವರ್ ಅದನ್ನೇ ತೋರಿಸುತ್ತದೆ.

ನೆಲೆಯಾದ ಮೇಲೆ ವಿಳಾಸ. ಜಾಲದ ಪ್ರತಿಯೊಂದು ಸರ್ವರಿಗೂ ಒಂದು ಸಂಖ್ಯಾವಿಳಾಸವುಂಟು. ಹಳೆಯ ಕ್ರಮದಲ್ಲಿ ಅದು ೦ಯಿಂದ ೨೫೫ರೊಳಗಿನ ನಾಲ್ಕು ಸಂಖ್ಯೆಗಳ ಸಾಲು. ಇಂತಹ ಸಂಖ್ಯೆಗಳನ್ನು ಯಾರು ತಾನೇ ನೆನಪಿಡುವರು? ಜಾಲವು ಚಿಕ್ಕದಾಗಿದ್ದಾಗ ಯಂತ್ರಗಳ ಹೆಸರು ಮತ್ತು ಸಂಖ್ಯೆಗಳ ಪಟ್ಟಿಯೊಂದನ್ನು ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಅವರ ತಂಡವು ನೋಡಿಕೊಳ್ಳುತ್ತಿತ್ತು. ಯಂತ್ರಗಳು ಹೆಚ್ಚಿದಂತೆ ಒಂದೇ ಪಟ್ಟಿಯಿಂದ ಕೆಲಸ ಸಾಗದಾಯಿತು. ೧೯೮೩ರಲ್ಲಿ ಪಾಲ್ ಮೊಕಾಪೆಟ್ರಿಸ್ ಎಂಬವರು ಪಟ್ಟಿಯನ್ನು ಹಲವರಿಗೆ ಹಂಚುವ ಕ್ರಮವನ್ನು ರೂಪಿಸಿದರು. ಅದು ನಮ್ಮ ಅಂಚೆಯ ವಿಳಾಸದಂತೆಯೇ ಇದೆ. ಅಂಚೆಯವರು ಕಾಗದವನ್ನು ವಿಂಗಡಿಸುವಾಗ ಮೊದಲು ನೋಡುವುದು ಕೊನೆಯ ಸಾಲಿನ ಪಿನ್ ಸಂಖ್ಯೆಯನ್ನು. ಮನೆಯ ಹೆಸರನ್ನು ನೋಡುವುದು ಕಟ್ಟಕಡೆಗೆ. ಜಾಲದ ಹೆಸರನ್ನೂ ಹೀಗೆಯೇ ಬಲದಿಂದ ಎಡಕ್ಕೆ ಬಿಡಿಸುತ್ತಾರೆ. ಹೆಸರು ‘.ಇನ್’ ಎಂದು ಮುಗಿದರೆ ಮೊದಲು ಭಾರತದ ಪಟ್ಟಿಯನ್ನು ವಿಚಾರಿಸಬೇಕು. ಅದು ನಿಕ್ಸಿ ಎಂಬ ಸಂಸ್ಥೆಯ ವಶದಲ್ಲಿದೆ. ಕನ್ನಡ ಲಿಪಿಯಲ್ಲಿಯೇ ‘.ಭಾರತ’ ಎಂದು ಮುಗಿಯುವ ಹೆಸರುಗಳಿಗೂ ಅವಕಾಶವುಂಟು. ಈ ಹೆಸರನ್ನು ಡೊಮೈನ್ ಎನ್ನುತ್ತಾರೆ. ಅದನ್ನು ಶಾಶ್ವತವಾಗಿ ಕೊಳ್ಳಲಾಗದು. ವರ್ಷಗಳ ಲೆಕ್ಕದಲ್ಲಿ ಹಣ ಕಟ್ಟಿ ನವೀಕರಿಸುತ್ತಿರಬೇಕು. ಮರೆತರೆ ಹೆಸರು ಇನ್ನೊಬ್ಬರ ಪಾಲಾದೀತು.

ಹಣ ಕಟ್ಟುವುದು, ಖಾತೆ ತೆರೆಯುವುದು ಇವೆಲ್ಲವೂ ಹಿರಿಯರ ಹೆಸರಿನಲ್ಲಿ, ಅವರ ಒಪ್ಪಿಗೆಯಿಂದಲೇ ನಡೆಯಬೇಕು. ಮನೆಯ ವಿಳಾಸ, ದೂರವಾಣಿ ಸಂಖ್ಯೆ, ಗೆಳೆಯರ ಚಿತ್ರ ಇವುಗಳನ್ನು ಪುಟದಲ್ಲಿ ಹಾಕಲೇಬಾರದು. ಒಮ್ಮೆ ಹೊರಬಿದ್ದ ಪ್ರತಿಯನ್ನು ಹಿಂದಕ್ಕೆ ಪಡೆಯಲು ಸಾಧ್ಯವಿಲ್ಲ.

ಏನು ಬರೆಯಬೇಕು? ದೊಡ್ಡ ವಿಷಯಗಳನ್ನು ಬರೆದವರು ಬೇಕಾದಷ್ಟು ಮಂದಿ ಇದ್ದಾರೆ. ನಿಮ್ಮೂರ ಕೆರೆಯ ತೂಬು ಎಲ್ಲಿದೆ, ಅದು ಕಡೆಯದಾಗಿ ಕೋಡಿ ಬಿದ್ದುದು ಯಾವ ವರ್ಷ, ಏರಿಯ ಮೇಲಿನ ವೀರಗಲ್ಲಿನಲ್ಲಿ ಏನು ಕೆತ್ತಿದೆ, ಸುತ್ತಲಿನ ಗದ್ದೆಬಯಲುಗಳಿಗೆ ಹಿರಿಯರು ಕರೆಯುವ ಹೆಸರುಗಳೇನು – ಇವನ್ನು ನೀವಲ್ಲದೆ ಬೇರೆ ಯಾರು ಬರೆದಾರು? ಅಜ್ಜಂದಿರನ್ನು ಕೇಳಿ, ಅವರು ಹೇಳಿದುದನ್ನು ಇನ್ನಿಬ್ಬರಲ್ಲಿ ವಿಚಾರಿಸಿ, ಕೇಳಿದ ದಿನಾಂಕದೊಡನೆ ಬರೆದರೆ ಆ ಪುಟವು ಪುಸ್ತಕಗಳಲ್ಲಿಯೂ ಸಿಗದ ದಾಖಲೆಯಾಗುತ್ತದೆ.

ಅಂತಹ ದಾಖಲೆಯನ್ನು ಒಂದೇ ಕಡೆ ಇಟ್ಟು ನಿಶ್ಚಿಂತೆಯಿಂದ ಇರುವಂತಿಲ್ಲ. ೧೯೯೪ರಲ್ಲಿ ಅಮೆರಿಕದಲ್ಲಿ ಆರಂಭವಾದ, ಮುಂದೆ ಜಿಯೊಸಿಟೀಸ್ ಎಂದು ಹೆಸರಾದ ಸೇವೆಯೊಂದು ಸಾಮಾನ್ಯ ಜನರಿಗೆ ಪುಟಗಳನ್ನಿಡಲು ಬಿಟ್ಟಿಯಾಗಿ ಜಾಗ ಕೊಡುತ್ತಿತ್ತು. ಲಕ್ಷಾಂತರ ಮಂದಿ ತಮ್ಮ ಹವ್ಯಾಸ, ಊರು, ಸಂಗೀತ, ಬೆಕ್ಕು ಎಲ್ಲವನ್ನೂ ಕುರಿತು ಅಲ್ಲಿ ಬರೆದಿಟ್ಟರು. ೧೯೯೯ರಲ್ಲಿ ಯಾಹೂ ಕಂಪನಿಯು ಅದನ್ನು ಕೊಂಡಿತು. ೨೦೦೯ರ ಅಕ್ಟೋಬರಿನಲ್ಲಿ ಅಮೆರಿಕದ ಆ ಸೇವೆಯನ್ನು ಮುಚ್ಚಿಬಿಟ್ಟಿತು. ಸ್ವಯಂಸೇವಕರು ಹಗಲಿರುಳು ದುಡಿದು ಬಹಳಷ್ಟು ಪುಟಗಳ ಪ್ರತಿ ಮಾಡಿಕೊಂಡರು, ಉಳಿದವು ಹೋದವು. ತಮ್ಮ ಬಳಿ ಮೂಲ ಕಡತಗಳನ್ನು ಇಟ್ಟುಕೊಂಡಿದ್ದವರು ಮಾತ್ರ ಬೇರೊಂದು ಸರ್ವರಿಗೆ ಅವನ್ನು ಏರಿಸಿ, ಮರುದಿನವೇ ತಮ್ಮ ಪುಟವನ್ನು ಮತ್ತೆ ತೆರೆಯಬಹುದಾಗಿತ್ತು. ಹೆಸರೂ ಸ್ವಂತದ್ದಾಗಿದ್ದರೆ ಓದುಗರಿಗೆ ನೆಲೆ ಬದಲಾದುದು ತಿಳಿಯುವಂತೆಯೂ ಇರಲಿಲ್ಲ. ಆದುದರಿಂದ ಕಡತಗಳ ಒಂದು ಪ್ರತಿಯನ್ನು ಮನೆಯ ಯಂತ್ರದಲ್ಲಿಯೂ ಇನ್ನೊಂದನ್ನು ಪೆನ್‌ಡ್ರೈವಿನಲ್ಲಿಯೂ ಇಡುವುದು, ಪುಟವನ್ನು ತಿದ್ದಿದಾಗಲೆಲ್ಲ ಅವನ್ನೂ ಹೊಸದು ಮಾಡುವುದು ಅಗತ್ಯ.

ಸರಳವಾಗಿ ಬರೆದ ಪುಟಕ್ಕೆ ಆಯುಸ್ಸು ಹೆಚ್ಚು. ಸೆರ್ನಿನ ಮೊದಲ ಜಾಲತಾಣವು ಬಹುಕಾಲ ತನ್ನ ಮೂಲ ವಿಳಾಸದಲ್ಲಿ ಇರಲಿಲ್ಲ. ೨೦೧೩ರಲ್ಲಿ ಆ ಸಂಸ್ಥೆಯವರು ಉಳಿದಿದ್ದ ಹಳೆಯ ಪ್ರತಿಯೊಂದನ್ನು ಅದೇ ವಿಳಾಸದಲ್ಲಿ ಪುನಃ ಇರಿಸಿದರು. ಅದರಲ್ಲಿ ಬಣ್ಣವಿಲ್ಲ, ಚಿತ್ರವಿಲ್ಲ. ಕೆಲವು ಸಾಲುಗಳೂ ಕೊಂಡಿಗಳೂ ಇವೆ. ಮೂವತ್ತು ವರ್ಷಗಳಿಗೂ ಹಿಂದೆ ಬರೆದ ಆ ಗುರುತುಗಳನ್ನು ಇಂದಿನ ಮೊಬೈಲ್ ಫೋನಿನ ಬ್ರೌಸರ್ ತಡವರಿಸದೆ ಓದುತ್ತದೆ.